ಎಮ್ಮಿಗೆ ಮೂರನೇ ಹೆಸರು

"ಗೊಡ್ಡು ಅಂತ ನಾ ಬರಿಯೂದಿಲ್ಲಂದ್ರ ಬರಿಯೂದಿಲ್ರಿ" ಅಂತ ಫೋನಿನ್ಯಾಗ ಸಾಹೇಬ್ರಿಗೆ ಹೇಳಿಬಿಟ್ನಿ. ಹಾಲಿನ ಡೇರಿಗೋಳಿಗೆ ಎಮ್ಮಿಗೋಳ ಲೆಕ್ಕಾ ಇಡೂ ಆ್ಯಪ್ ಮಾಡಸಾಕತ್ತಿದ್ದ ಮಾಲಕರವರು. ನಾ ಗೋಕಾಕದಾಗ ಖೋಲಿ ಹಿಡಕೊಂಡು ಒಬ್ಬಾಕೀನ ಕುಂತು ಅದರ ಕೋಡ್ ಬರಿಯಾಕಿ.

"ಅಲ್ಲವಾ, ಎಮ್ಮಿ ಹಿಂಡತೈತಿ, ಇಲ್ಲಾ ಗಬ್ಬ ಐತಿ, ಇಲ್ಲಾ ಗೊಡ್ಡ ಐತಿ. ಇದರಾಗೇನ ಜಗಳಾ?"

ಜಗಳೇನಂದ್ರ, ಹುಕ್ಕೇರಿಯ ಅತ್ತಿಮನ್ಯಾಗ ಆ ಶಬ್ದ ನನಗ ಅಂತಿದ್ರು. ಕಡೀಕ ಗಂಡನೂ ಅಂದ. ಅವತ್ತ ಬ್ಯಾಗ ಹಿಡದು ಬಸ್ ಹತ್ತಿದ್ನಿ. ಈಗ, ಖರೆ ಹೇಳ್ತೇನಿ, ದಿನಗಟ್ಲೆ ಖೋಲ್ಯಾಗ ನನ್ನ ಧ್ವನಿ ನನಗ ಕೇಳಿರೂದಿಲ್ಲ.

ನಾ ಕೋಡ್ ಬರಿಯೂ ಜಾವಾ ಭಾಷಾದಾಗ ಇಂಥಾ ಪಟ್ಟಿಗೆ ಎನಮ್ ಅಂತಾರ. ಒಂದ ವಸ್ತು ಯಾವ್ಯಾವ ಸ್ಥಿತ್ಯಾಗ ಇರಬಹುದು ಅಂತ ಮೊದಲ ಹೆಸರಿಟ್ಟು ಬಾಗಲಾ ಹಾಕಿಬಿಡೂದು. ಆಮ್ಯಾಲ ಹೊರಗಿಂದ ಹೊಸಾದೊಂದನ್ನ ಹುಟ್ಟಸಾಕ ಹೋದ್ರ, ಕೋಡ್ ತಪಾಸ ಮಾಡೂ ಕಂಪೈಲರ್ ಒಲ್ಲೆ ಅಂತೈತಿ. ಒಂದೊಂದ ಹೆಸರಿಗೂ ಅದರದ ಮೆಥಡ್ ಕೊಡಬಹುದು. ಗಬ್ಬ ಇದ್ರ ಏನ ಮಾಡಬೇಕು, ಹಿಂಡತಿದ್ರ ಏನ ಮಾಡಬೇಕು, ಅದ ಹೇಳತೈತಿ. ಮೂರನೇದು "ಮಾರಿಬಿಡ್ರಿ" ಅಂತ ಹೇಳಬೇಕು ಅನ್ನೂದು ಸಾಹೇಬ್ರ ಹುಕುಂ.

ಸಿಟ್ಟ ನೆತ್ತಿಗೇರಿತು. ಎಮ್ಮಿ ಸಾಕಿದವರು ಏನಂತಾರ ಕೇಳೂಣು ಅಂತ ಕುಲಗೋಡಕ್ಕ ಹೋಗಿ, ಡೇರಿಗೆ ಹಾಲ ಹಾಕೂ ವಯಸ್ಸಾದ ಒಬ್ಬ ಆಯಿನ್ನ ಹುಡುಕಿದ್ನಿ. ಆಕಿ ತನ್ನ ಎಮ್ಮಿಗೋಳೊಳಗ ಒಂದಕ್ಕ ಮೇವು ಹಾಕಾಕತ್ತಿದ್ಲು.

"ಗಬ್ಬ ಐತೇನ್ರಿ ಇದು?"

"ಇಲ್ಲವಾ. ಎರಡ ವರ್ಷಾತು, ಸುಮ್ನ ಐತಿ."

"ಸುಮ್ನ ಅಂದ್ರ?"

"ಸುಮ್ನ ಅಂದ್ರ ಸುಮ್ನ. ತಿಂತೈತಿ, ನಾ ಬಂದ್ರ ಕಿವಿ ಅಲ್ಲಾಡಸತೈತಿ. ಮತ್ತೇನ ಮಾಡಬೇಕದು?"

ಚಾ ಕೊಟ್ಟು, ಎಲ್ಲಾರೂ ಕೇಳೂದನ್ನ ಆಕೀನೂ ಕೇಳಿದ್ಲು. "ಮಕ್ಕಳೆಷ್ಟವಾ ನಿನಗ?"

ಚಾದ ಕಪ್ಪ ಕೆಳಗಿಟ್ನಿ. ಬಸ್ಸಿಗೆ ಹೊತ್ತಾತು ಅಂತ ಎದ್ದು ಬಂದ್ನಿ.

ಖೋಲಿಗೆ ಬಂದು ಮೂರನೇ ಹೆಸರು "ಸುಮ್ನೈತಿ" ಅಂತ ಬರದ್ನಿ. ಅದರ ಮೆಥಡ್‌ನ್ಯಾಗ "ಮೇವು ಹಾಕ್ರಿ" ಅಂತ ಇಟ್ನಿ. ಸಾಹೇಬ್ರು ನೋಡಿ, "ನಿನ್ನ ಬಾಯಿಗೆ ಯಾರ ಹತ್ತಬೇಕವಾ, ಇರ್ಲಿ ಬಿಡು" ಅಂದ್ರು. ಗೆದ್ನಿ ಅಂತ ಹೇಳಾಕ ಖೋಲ್ಯಾಗ ಯಾರೂ ಇರಲಿಲ್ಲ, ಅಳು ಬಂತು.

ಮೊನ್ನೆ ಮೂಡಲಗಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಿದ್ನಿ. ಕಟ್ಟಿಮ್ಯಾಲ ಕುಂತಿದ್ದ ಹೆಣಮಗಳೊಬ್ಬಾಕಿ ಮಾತಿಗೆ ಮಾತು ತಗದು, "ಮಕ್ಕಳೆಷ್ಟ್ರಿ ಅಕ್ಕಾರ?" ಅಂದ್ಲು.

"ಇಲ್ರಿ. ನಾ ಸುಮ್ನ ಅದೇನಿ."

ಏನ ತಿಳಕೊಂಡ್ಲೋ ಏನೋ. ಚೀಲ ಎತ್ತಿ ತೊಡಿಮ್ಯಾಲ ಇಟ್ಕೊಂಡು, "ಬರ್ರಿ, ಕುಂದರ್ರಿ" ಅಂತ ಬಾಜೂಕ ಜಾಗಾ ಮಾಡಿದ್ಲು.