ಪಿಕಪ್ ಪರವಾಗಿ ಹೇಳಿದ ಮಾತು

ಸೊರಬದ ಅರಣ್ಯ ಕಚೇರಿಯ ಹಿತ್ತಲಲ್ಲಿ ನನ್ನ ಪಿಕಪ್ ನಿಂತಿತ್ತು. ಶಿಕಾರಿಪುರದಿಂದ ಸೊರಬಕ್ಕೆ ಈರುಳ್ಳಿ ಇಳಿಸಲು ಹೋದ ಡ್ರೈವರ್, ವಾಪಸ್ ಬರುವಾಗ ನನಗೆ ಹೇಳದೆ ಯಾರದೋ ಸಾಗುವಾನಿ ಹಲಗೆ ಹೇರಿಕೊಂಡಿದ್ದ. ಪರವಾನಗಿ ಇರಲಿಲ್ಲ, ಅರಣ್ಯದವರು ಹಿಡಿದರು. ಅವನಿಗೆ ಜಾಮೀನು ಸಿಕ್ಕಿತು. ಗಾಡಿಯನ್ನು ಸರ್ಕಾರ ಯಾಕೆ ಮುಟ್ಟುಗೋಲು ಹಾಕಿಕೊಳ್ಳಬಾರದು ಎಂದು ನನಗೆ ನೋಟಿಸ್ ಬಂತು.

ಸಂತೆಯಲ್ಲಿ ಮೂಟೆ ಹೊತ್ತು ಶುರು ಮಾಡಿದವನು ನಾನು. ಚೌಕಾಸಿ ಮಾಡಿ ಮಾಡಿಯೇ ಆ ಗಾಡಿಯ ತನಕ ಬಂದದ್ದು. ವಿಚಾರಣೆಯ ದಿನವೂ ಒಳಗೆ ಹೋಗಿ, ಎಷ್ಟು ದಂಡಕ್ಕೆ ಮುಗಿಸುತ್ತೀರಿ ಎಂದು ಕೇಳುವವನಿದ್ದೆ. ನನ್ನ ವಕೀಲರು, ಸೊರಬದ ಹೆಣ್ಣುಮಗಳು, ಬಾಗಿಲಲ್ಲೇ ತಡೆದರು.

"ದಂಡ ಕಟ್ತೀನಿ ಅಂದ್ರೆ ತಪ್ಪು ಒಪ್ಕಂಡಂಗೆ ಆಗ್ತದೆ ಕಣ್ರೀ. ಇಲ್ಲಿ ವ್ಯಾಪಾರ ಬೇಡ. ನಿಮಗೆ ಗೊತ್ತಿರ್ಲಿಲ್ಲ ಅಂತ ತೋರಿಸಿ. ಹಿಂಗಾಗದಂಗೆ ಏನ್ ಮಾಡಿದ್ರಿ, ಅದನ್ನೂ ತೋರಿಸಿ."

ಗಾಡಿ ಇಟ್ಟವರು ಈ ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಗೊತ್ತಿರಲಿಲ್ಲ ಎಂದರಷ್ಟೇ ಸಾಲದು. ಡ್ರೈವರ್ ಮೇಲಿನ ಕೇಸು ಬೇರೆ, ಗಾಡಿಯದು ಬೇರೆ. ನೋಟಿಸಿಗೆ ಉತ್ತರ ಕೊಡದೆ ಕುಳಿತರೆ ಗಾಡಿ ಹರಾಜಿಗೆ ಹೋಗುತ್ತದೆ.

ನನ್ನ ಹತ್ತಿರ ಪುರಾವೆ ಇತ್ತು. ಪ್ರತಿ ಟ್ರಿಪ್ಪಿಗೂ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುವುದು ನನ್ನ ಚಾಳಿ: "ಇಳಿಸಿದ ಮ್ಯಾಲೆ ಖಾಲಿ ಬಾ. ಬ್ಯಾರೆ ಲೋಡು ಮುಟ್ಬ್ಯಾಡ." ಸಾವ್ಕಾರ್ರ ಸುಪ್ರಭಾತ ಎಂದು ಡ್ರೈವರ್‌ಗಳು ನಗುತ್ತಿದ್ದರು. ಅವತ್ತೂ ಕಳಿಸಿದ್ದೆ. "ಆತಣ್ಣ" ಎಂದು ಅವನ ಉತ್ತರವೂ ಇತ್ತು. ಅದನ್ನು ಕೇಳಿಸಿದರೆ ಗಾಡಿ ಉಳಿಯುತ್ತಿತ್ತು, ಅವನು ಸಿಕ್ಕಿಬೀಳುತ್ತಿದ್ದ.

ಅವನು ಮೆಟ್ಟಿಲ ಹತ್ತಿರವೇ ಕಾದಿದ್ದ.

"ಅಣ್ಣ, ನೀವೇ ಹೇರು ಅಂದಿದ್ರಿ ಅನ್ರಿ. ಮರಕ್ಕೆ ಪಾಸ್ ಐತಿ ಅಂತ ತಿಳ್ಕಂಡಿದ್ವಿ ಅನ್ರಿ. ಇಬ್ರೂ ಪಾರಾಗ್ತೀವಿ."

"ಇಬ್ರೂ ಒಳಗ್ ಹೋಗ್ತೀವಿ. ಗಾಡಿನೂ ಹೋಗ್ತತಿ."

"ಇಷ್ಟು ವರ್ಷ ನಿಮ್ ಗಾಡಿ ಓಡ್ಸೀನಲ್ಲಣ್ಣ."

"ಅದಕ್ಕೇ ನಿನ್ ವಕೀಲ್ರ ಫೀಸು ನಂದು. ಸುಳ್ಳು ಮಾತ್ರ ಕೇಳ್ಬ್ಯಾಡ."

ಅವನು ಬೇರೆ ಕಡೆ ಮುಖ ತಿರುಗಿಸಿದ.

ಒಳಗೆ ಅಧಿಕಾರಿ ರೆಕಾರ್ಡನ್ನು ಎರಡು ಸಲ ಕೇಳಿದರು.

"ಹಂಗಾದ್ರೆ ನಿಮ್ ಡ್ರೈವರ್ರೇ ಕಳ್ಳ ಅಂತೀರಾ?"

ಹೌದು ಎಂದಿದ್ದರೆ ಸಲೀಸಾಗುತ್ತಿತ್ತೋ ಏನೋ.

"ಮರ ಯಾರ್ದು, ಅವನಿಗೆ ಯಾರು ಏನ್ ಹೇಳಿದ್ರು, ನನಗೆ ಗೊತ್ತಿಲ್ಲ ಸಾರ್. ನಾನು ಬ್ಯಾಡ ಅಂದಿದ್ದೆ. ನನಗೆ ಗೊತ್ತಿರೋದು ಅಷ್ಟೇ."

ಗಾಡಿ ಬಿಡುವಂತೆ ಆದೇಶವಾಯಿತು. ನಾನೇ ಓಡಿಸಿಕೊಂಡು ಊರಿಗೆ ಬಂದೆ. ಅವನೀಗ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನ ಕೇಸು ಇನ್ನೂ ನಡೆಯುತ್ತಿದೆ, ವಕೀಲರ ಫೀಸು ಮಾತ್ರ ಅವನು ನನ್ನಿಂದ ತೆಗೆದುಕೊಂಡಿಲ್ಲ. ಅಂಜನಾಪುರದ ರಸ್ತೆಯಲ್ಲಿ ಎದುರಾದರೆ ನಾನು ಹಾರ್ನ್ ಹೊಡೆಯುತ್ತೇನೆ. ಅವನು ಸೈಡ್ ಕೊಟ್ಟು ಹೋಗುತ್ತಾನೆ, ಈ ಕಡೆ ನೋಡುವುದಿಲ್ಲ.