ಹಿಂದಿನ ಸೀಟಿನ ಭಾರ

ಕ್ರೀಂಯ್, ಧಡ್. ಕ್ರೀಂಯ್, ಧಡ್. ಈಗಲೂ ಎಲ್ಲಾದರೂ ಎಣ್ಣೆ ಕಾಣದ ಉಯ್ಯಾಲೆ ತೂಗಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅದು ನಮ್ಮ ಮೋಟಾರ್ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರಿನ ಸದ್ದು. ಕ್ರೀಂಯ್ ಎಂದರೆ ಬೈಕು ಹಳ್ಳಕ್ಕೆ ಇಳಿಯಿತು. ಧಡ್ ಎಂದರೆ ನಾನೂ ಇಳಿದೆ. ಅರವತ್ತರ ದಶಕದ ಮಧುಗಿರಿಯಲ್ಲಿ ನಾವು ಬರುವ ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. ನಮ್ಮತ್ತೆ ಅದನ್ನು ಕೇಳಿಯೇ ಕಾಫಿಗೆ ನೀರಿಡುತ್ತಿದ್ದರು.

ನಮ್ಮವರು ದನದ ಡಾಕ್ಟರು. ಬೈಕನ್ನು ಅವರು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ ಬಂದ ಸೊಸೆ. ಸಿಸ್ಟರುಗಳು ನನಗೆ ಸೂಪು ಸದ್ದಿಲ್ಲದೆ ಕುಡಿಯುವುದನ್ನು ಕಲಿಸಿದ್ದರು, ತಲೆಯ ಮೇಲೆ ಪುಸ್ತಕವಿಟ್ಟು ನಡೆಯುವ ಪೋಸ್ಚರ್ ಕಲಿಸಿದ್ದರು. ತುಂಬಿದ ಮನೆಯಲ್ಲಿ ಗಂಡನ ಜೊತೆ ಮಾತಾಡುವುದು ಹೇಗೆಂದು ಮಾತ್ರ ಹೇಳಿಕೊಟ್ಟಿರಲಿಲ್ಲ. ಪಾಪ, ಅವರಿಗೆಲ್ಲಿ ಗೊತ್ತಿರಬೇಕು. ಆ ಮನೆಯಲ್ಲಿ ಹಗಲು ಹೊತ್ತು ಹೆಂಡತಿ ಗಂಡನ ಎದುರು ನಿಂತು ಮಾತಾಡುವ ರೂಢಿಯಿರಲಿಲ್ಲ. ಕಾಫಿ ಬೇಕಾದರೆ ನಮ್ಮವರು ಗೋಡೆಯನ್ನು ಕೇಳುತ್ತಿದ್ದರು, ಗೋಡೆಯ ಪರವಾಗಿ ನಾನು ತಂದಿಡುತ್ತಿದ್ದೆ. ಭಾನುವಾರ ಬೈಕಿನ ಹಿಂದಿನ ಸೀಟಿನ ಮೇಲೆ ಕೂತು ಚನ್ನರಾಯನದುರ್ಗದ ಕಡೆ ಹೊರಟರೆ ಮಾತ್ರ ನಮಗೆ ಬಾಯಿ ಬರುತ್ತಿತ್ತು. ಇಂಗ್ಲಿಷಿನ ಪ್ರೈವೆಸಿ ಎಂಬ ಮಾತಿಗೆ ಕನ್ನಡದಲ್ಲಿ ಸರಿಯಾದ ಪದವಿಲ್ಲವೆಂದು ಪಂಡಿತರು ಕೊರಗುತ್ತಾರೆ. ನನ್ನ ಮಟ್ಟಿಗೆ ಅದಕ್ಕೆ ಎರಡು ಚಕ್ರವಿತ್ತು, ಅದು ಪೆಟ್ರೋಲು ಕುಡಿಯುತ್ತಿತ್ತು.

ಆ ಪ್ರೈವೆಸಿಗೇ ಕುತ್ತು ಬಂತು. ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿ, ಸ್ಪ್ರಿಂಗು ಸೋತು ಕೂತಿತು. ಬೆಂಗಳೂರಿನಿಂದ ಹೊಸ ಜೋಡಿ ತರಿಸುವಷ್ಟು ನಮಗೆ ಅನುಕೂಲವಿರಲಿಲ್ಲ. ಅತ್ತೆ ಮಗನಿಗೆ, “ಲೇ, ಅದ ಮಾರ್ಬುಡು. ಬೀದಿ ಜನ ನಗ್ತಾವ್ರೆ,” ಎಂದರು. ಕೊರಟಗೆರೆಯಿಂದ ಯಾರೋ ಸೋಮವಾರ ಗಾಡಿ ನೋಡಲು ಬರುತ್ತಾರೆಂದೂ ಆಯಿತು. ಬೈಕು ಹೋದರೆ ನಾನು ಮತ್ತೆ ಗೋಡೆಯ ಗುಮಾಸ್ತೆ. ಎರಡು ದಿನ ಅನ್ನ ಸೇರಲಿಲ್ಲ.

ಕಡೆಯ ಪ್ರಯತ್ನವೆಂದು ನಮ್ಮವರು ಶನಿವಾರ ಶಿರಾಕ್ಕೆ ಹೊರಟರು, ನಾನೂ ಹಿಂದೆ ಕೂತೆ. ಅಲ್ಲಿ ಬುಡನ್ ಸಾಬರೆಂಬ ರಿಪೇರಿ ಮೇಸ್ತ್ರಿ ಇದ್ದರು. ಅವರ ಗುಜರಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಒಂದು ಸೈಡ್‌ಕಾರ್ ಗಾಡಿಯ ಶಾಕ್ ಅಬ್ಸಾರ್ಬರುಗಳು ಗಟ್ಟಿಯಾಗಿದ್ದವು. ಒಂದನ್ನೇ ಹಾಕಿದರೆ ಬೈಕು ಕುಂಟುತ್ತದೆ, ಜೋಡಿಯನ್ನೇ ಕೂರಿಸಿಕೊಡುತ್ತೇನೆ, ಹೊಸದರ ಬೆಲೆಯಲ್ಲಿ ಕಾಲುಭಾಗವೂ ಆಗುವುದಿಲ್ಲ ಎಂದರು. ಆದರೆ ಸ್ಪ್ರಿಂಗು ಎಷ್ಟು ಬಿಗಿ ಇರಬೇಕೆಂದು ತಿಳಿಯಲು ಹಿಂದೆ ಕೂರುವವರ ಭಾರ ಗೊತ್ತಾಗಬೇಕು. ಪರರ ಮನೆಯ ಹೆಣ್ಣುಮಗಳ ತೂಕ ಕೇಳುವುದು ಹೇಗೆ? ಸಾಬರು ಹೊಂಗೆಮರದ ಕೆಳಗೆ ನಿಂತಿದ್ದ ನನಗೆ ಪೂರ್ತಿ ಬೆನ್ನು ತಿರುಗಿಸಿ, ಮರ್ಯಾದೆಯಿಂದ ಕೇಳಿದರು:

“ಡಾಕ್ಟ್ರೇ, ಹಿಂದ್ಗಡೆ ಮಾಲು ಎಷ್ಟಾಯ್ತದೆ?”

ನಾನು ಆಗ ಒಣಗಿದ ನುಗ್ಗೆಕಾಯಿ. ಆದರೆ ನಮ್ಮ ಕಡೆ ಸೊಸೆ ಸಣ್ಣಗಿದ್ದಾಳೆ ಎಂದು ಹೊರಗೆ ಹೇಳಿದರೆ ಮನೆಯಲ್ಲಿ ಹೊಟ್ಟೆಗೆ ಹಾಕುವುದಿಲ್ಲ ಎಂದೇ ಅರ್ಥ. ನಮ್ಮವರು ಮನೆತನದ ಮಾನ ನೆನೆದು, “ಒಂದು ಮೂಟೆ ಕಡ್ಲೆಕಾಯಿ ಅಂದ್ಕೊಳ್ಳಿ,” ಎಂದರು. ದೊಡ್ಡ ಮನೆಯವರನ್ನು ಕಡಿಮೆ ಮಾಡಿ ಎಣಿಸಬಾರದೆಂದು ಸಾಬರು ತಮ್ಮ ಕಡೆಯಿಂದ ಇನ್ನೊಂದು ಮೂಟೆ ಸೇರಿಸಿ, ಎರಡನ್ನೂ ಸೀಟಿನ ಮೇಲಿಟ್ಟು ಸ್ಪ್ರಿಂಗು ಬಿಗಿದರು. ಇಬ್ಬರು ಸಜ್ಜನರು ಸೇರಿ ನನ್ನನ್ನು ಹೀಗೆ ಗೌರವಿಸಿದರು.

ಗೌರವದ ಫಲ ಊರು ದಾಟುತ್ತಲೇ ತಿಳಿಯಿತು. ಸದ್ದೇನೋ ಹೋಗಿತ್ತು, ಆದರೆ ಪ್ರತಿ ಗುಂಡಿಗೂ ನಾನು ಬಾಣಲೆಯ ಅರಳಿನಂತೆ ಮೇಲಕ್ಕೆ ಚಿಮ್ಮುತ್ತಿದ್ದೆ. ಮಾತಾಡಲು ಬಾಯಿ ತೆರೆದರೆ ನಾಲಿಗೆ ಕಚ್ಚಿಕೊಳ್ಳುತ್ತಿತ್ತು. ಹಿಂದಿನ ಕಾಲದ ರಾಜರಿಗೆ ಪಲ್ಲಕ್ಕಿ, ಸಾಹುಕಾರರಿಗೆ ಸ್ಪ್ರಿಂಗಿನ ಜಟಕಾ, ಉಳಿದವರಿಗೆ ಎತ್ತಿನ ಗಾಡಿ. ಮನುಷ್ಯನ ಅಂತಸ್ತನ್ನು ಅವನ ಬೆನ್ನುಮೂಳೆಯೇ ಹೇಳುತ್ತದೆ ಎಂಬ ಸಿದ್ಧಾಂತ ನನಗೆ ಹೊಳೆದದ್ದು ಆ ದಾರಿಯಲ್ಲೇ. ಮನೆ ಸೇರಿದಾಗ ನಮ್ಮವರು ಗೋಡೆಗೆ, ಇನ್ನು ಮಾರುವುದೇ ಸರಿ ಎಂದರು. ಗೋಡೆ ಅಡಿಗೆಮನೆಗೆ ಹೋಗಿ ಅತ್ತಿತು.

ನಾನು ಅಳುತ್ತಿದ್ದುದನ್ನು ಅತ್ತೆ ನೋಡಿರಬೇಕು. ಮಾರನೆಯ ಬೆಳಿಗ್ಗೆ ಒಗೆದ ಸೀರೆಯುಟ್ಟು ಜಗಲಿಗೆ ಬಂದರು. ಬರಗೂರಿನ ಅಕ್ಕನನ್ನು ನೋಡಬೇಕು, ಬಸ್ಸಿಗೆ ಕಾಯುವವರು ಯಾರು, ತಾವೂ ಬೈಕಿನಲ್ಲೇ ಬರುವುದಾಗಿ ಹೇಳಿದರು. ನಮ್ಮವರು ಒಮ್ಮೆ ಅವರನ್ನು, ಒಮ್ಮೆ ಸೀಟನ್ನು ನೋಡಿದರು. ಅತ್ತೆ, ಹೇಳಬೇಕೆಂದರೆ, ಮನೆತನದ ಮಾನವನ್ನು ಒಬ್ಬರೇ ಹೊರಬಲ್ಲ ಗಾತ್ರದವರು. ನಾನು ನಡುವೆ, ಅವರು ಕೊನೆಗೆ. ಬೈಕು ಒಮ್ಮೆ ನಿಟ್ಟುಸಿರಿಟ್ಟು ಹದವಾಗಿ ಕೂತಿತು. ಆಮೇಲೆ ಅದು ಹೋದದ್ದೇನು ಕೇಳುತ್ತೀರಿ! ಗುಂಡಿಗಳು ಎಲ್ಲಿ ಹೋದವೋ, ಗಾಡಿ ಕೆರೆಯ ಮೇಲಿನ ಹರಿಗೋಲಿನಂತೆ ತೇಲಿತು. ಬುಡನ್ ಸಾಬರು ಬಿಗಿದಿದ್ದ ಲೆಕ್ಕ ಈಗ ಸರಿಹೊಂದಿತ್ತು.

“ಇದೇನ್ಲಾ, ಒಳ್ಳೆ ಬೆಣ್ಣೆ ಹಂಗೆ ಓಯ್ತದೆ. ಇದ ಮಾರಕ್ಕೆ ನಿಂಗೇನು ತಲೆ ಕೆಟ್ಟದಾ?” ಎಂದರು ಅತ್ತೆ, ಮಾರೆಂದು ಹೇಳಿದ್ದು ಪಕ್ಕದ ಮನೆಯವರೋ ಎಂಬಂತೆ.

ಬರಗೂರಿನಲ್ಲಿ ಇಳಿದವರೇ ಅಕ್ಕನ ಮನೆಯಿಂದ ಒಂದು ದೊಡ್ಡ ಚೀಲ ಹುಣಸೆಹಣ್ಣು ಹೊರಿಸಿಕೊಂಡು ಬಂದು, ತಾವು ಕೂತಿದ್ದ ಜಾಗಕ್ಕೆ ತಮ್ಮ ಭಾರದ ಬದಲಿಗೆ ಕಟ್ಟಿಸಿದರು. ಆಮೇಲೆ ನನ್ನ ಸೆರಗಿನ ಧೂಳು ಕೊಡವುತ್ತಾ, ತಗ್ಗಿದ ದನಿಯಲ್ಲಿ ಹೇಳಿದರು:

“ನೀವಿಬ್ರೂ ಇಲ್ಲೇನ್ ಮಾಡೀರಿ? ಕಳ್ಳಂಬೆಳ್ಳದ ಕೆರೆ ತಾವ ಓಗಿ ಕೂತ್ಕಳಿ, ದೀಪ ಹಚ್ಚೋ ಹೊತ್ಗೆ ಬನ್ನಿ. ಮನೇಲಿ ಮಾತಾಡಕ್ಕೆ ಎಲ್ಲಾಯ್ತದೆ ಕಣಮ್ಮ. ನಂಗೂ ಆಯ್ತಿರಲಿಲ್ಲ.”

ಕೊರಟಗೆರೆಯವರನ್ನು ಸೋಮವಾರ ಅತ್ತೆಯೇ ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಎಷ್ಟೋ ವರ್ಷ ಅವರಿಗೆ ಭಾನುವಾರವಾದರೆ ಸಾಕು, ಅಕ್ಕನ ನೆನಪು ಉಕ್ಕಿ ಬರುತ್ತಿತ್ತು. ಆ ಅಕ್ಕತಂಗಿಯರಿಗೆ ಅಷ್ಟು ಮಾತೆಲ್ಲಿತ್ತೋ ನಾನು ಕಾಣೆ. ನಮಗಂತೂ ಇತ್ತು.

ಅತ್ತೆಯನ್ನು ನಾನು ಕಡೆಯ ಸಲ ನೋಡಿದ್ದೂ ಬರಗೂರಿನಲ್ಲೇ. ನಾಲ್ಕು ದಿನ ಅಕ್ಕನ ಜೊತೆ ಇದ್ದು ಬರುತ್ತೇನೆಂದು ಹೋದವರು, ಅಲ್ಲೇ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾವು ಅವರನ್ನು ಬಿಟ್ಟು ಬಂದ ದಿನ ಸೀಟಿನಿಂದ ಇಳಿದು, ಮಂಡಿ ಒತ್ತಿಕೊಂಡು, ಬಾಗಿಲಲ್ಲಿ ನಿಂತ ಅಕ್ಕನ ಯಾವುದೋ ತಮಾಷೆಗೆ ನಗುತ್ತಾ ಒಳಗೆ ಹೊರಟರು. ನಾವು ಬೇಗ ಬರುತ್ತೇವೆ ಅತ್ತೆ ಎಂದು ನಾನು ಕೂಗಿದೆ. ತಿರುಗಿ ನೋಡದೆ, ಬೇಗ ಬೇಡವೆಂಬಂತೆ ಕೈ ಆಡಿಸಿದರು.