ಲವಂಗದೆಣ್ಣೆಯ ಚಟ್ನಿ

ನಮ್ಮ ಗೈಡ್ ಮೇಡಂ ಧ್ವನಿಯನ್ನು ನನ್ನಷ್ಟು ಚೆನ್ನಾಗಿ ತೆಗೆಯುವವರು ಇಡೀ ದಾವಣಗೆರೆಯಲ್ಲಿಲ್ಲ. ಎಂಎಸ್ಸಿ ಪ್ರಾಜೆಕ್ಟಿಗೆಂದು ನಾನು ಹಳಸಿದ ಚಟ್ನಿಯ ಬ್ಯಾಕ್ಟೀರಿಯಾಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಲವಂಗದೆಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಿದ್ದೆ. ಮರುದಿನ ನೋಡಿದರೆ ಬಿಲ್ಲೆಯ ಸುತ್ತ ಒಂದೂ ಬ್ಯಾಕ್ಟೀರಿಯಾ ಇಲ್ಲದ ಉಂಗುರ. ಮೇಡಂ ಮಾತ್ರ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಎಚ್ಚರಿಸುತ್ತಿದ್ದರು: ತಟ್ಟೆಯಲ್ಲಿ ಕೊಂದದ್ದು ಅಡುಗೆಯಲ್ಲೂ ಕೊಲ್ಲುತ್ತದೆ ಎಂದುಕೊಳ್ಳಬೇಡ, ತೆಂಗಿನಕಾಯಿಯ ಜಿಡ್ಡಿನಲ್ಲಿ ಎಣ್ಣೆ ಅಡಗಿಬಿಡುತ್ತದೆ, ಅದಕ್ಕೆಂದು ಜಾಸ್ತಿ ಹಾಕಿದರೆ ನಾಲಿಗೆ ತಡೆಯುವುದಿಲ್ಲ. ಇದನ್ನು ಕ್ಯಾಂಟೀನಿನಲ್ಲಿ ಅವರದೇ ಮೂಗುಧ್ವನಿಯಲ್ಲಿ ಒಪ್ಪಿಸಿ ಎಲ್ಲರನ್ನೂ ನಗಿಸಿದ್ದೆ. ಅರ್ಥದ ಕಡೆ ಗಮನ ಕೊಡುವುದು ಮಿಮಿಕ್ರಿಯವನ ಕೆಲಸವಲ್ಲ.

ನಿಟ್ಟುವಳ್ಳಿಯಲ್ಲಿ ನನ್ನ ಸೋದರಮಾವನದು ಬೆಣ್ಣೆದೋಸೆ ಹೋಟೆಲು. ಚಟ್ನಿ ರುಬ್ಬುವಾಗ ಗುಟ್ಟು ಹೊರಬೀಳದಂತೆ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಾನೆ, ಅತ್ತೆಗೂ ಪ್ರವೇಶವಿಲ್ಲ. ಹಾಗಾಗಿ ಹೊರಗಿನ ಆರ್ಡರಿಗೂ ಚಟ್ನಿ ಬೆಳಗ್ಗೆಯೇ ಇಲ್ಲಿಂದ ತಯಾರಾಗಿ ಹೋಗಬೇಕು. ಹಿಂದಿನ ಬೇಸಿಗೆಯಲ್ಲಿ ಮಲೆಬೆನ್ನೂರಿನ ಗೃಹಪ್ರವೇಶದಲ್ಲಿ ಅದು ಹಳಸಿ, ಆ ಕಡೆಯವರು ಕರೆಯುವುದನ್ನೇ ಬಿಟ್ಟಿದ್ದರು. ಈಗ ಹರಿಹರದ ಬಟ್ಟೆ ವ್ಯಾಪಾರಿ ಸಾಹೇಬರ ಮನೆಯಲ್ಲಿ ಮದುವೆ, ಸಂಜೆಗೆ ದೋಸೆ. ಇದೂ ಕೆಟ್ಟರೆ ಹೊರಗಿನ ಆರ್ಡರುಗಳಿಗೆ ಎಳ್ಳುನೀರು ಬಿಟ್ಟಂತೆಯೇ.

“ಲೇ, ನಿನ್ನ ಎಣ್ಣೆ ಹಾಕಿದ್ರೆ ಚಟ್ನಿ ಕೆಡಲ್ಲ ಅಲ್ಲೇನು?” ಎಂದ ಮಾವ. ನಾನು ಮೇಡಂ ಧ್ವನಿಯಲ್ಲಿ ಉಂಗುರದ ಕುರಿತು ಭಾಷಣ ಕೊಟ್ಟೆ, ಜಿಡ್ಡಿನ ಭಾಗ ಬಿಟ್ಟು.

ಮದುವೆಯ ಬೆಳಗ್ಗೆ ಚಟ್ನಿಯ ಪಾತ್ರೆ ಹೊರಬಂದಾಗ ಧಾರಾಳವಾಗಿಯೇ ಎಣ್ಣೆ ಸುರಿದೆ. ಮಾವ ಉಪ್ಪು ನೋಡದೆ ಪಾತ್ರೆ ಹೊಸಿಲು ದಾಟುವಂತಿಲ್ಲ. ನೋಡಿದ, ಕಡಿಮೆ ಎಂದ, ಹಾಕಿದ. ಮತ್ತೆ ನೋಡಿದ, ಇನ್ನೂ ಕಡಿಮೆ ಎಂದ, ಇನ್ನೂ ಹಾಕಿದ. ಅಷ್ಟರಲ್ಲಿ ಅವನ ಮಾತು ತೊದಲತೊಡಗಿತ್ತು. ನನ್ನ ಜೊತೆ ಮಿಮಿಕ್ರಿ ಪೈಪೋಟಿಗೆ ಇಳಿದಿದ್ದಾನೆಂದು ನಾನೂ ಹಾಗೇ ತೊದಲಿದೆ. ಅತ್ತೆ ಇಬ್ಬರಿಗೂ ಬೈದು ಟೆಂಪೋ ಹತ್ತಿಸಿ, ಹಿಟ್ಟಿನ ಪಾತ್ರೆ ಹಿಡಿದು ತಾನೂ ಹತ್ತಿದಳು.

ಸಂಜೆ ಹರಿಹರದ ಮನೆಯ ಹಿತ್ತಲಲ್ಲಿ ಹೆಂಚು ಕಾಯುತ್ತಿದ್ದಂತೆ ಸಾಹೇಬರ ತಾಯಿ ಬೆರಳಲ್ಲಿ ಚಟ್ನಿ ತೆಗೆದು ನೆಕ್ಕಿದರು. ಹುಳಿ ಬಂದಿಲ್ಲ ಎಂದು ತಲೆಯಾಡಿಸಿದರು. ಅಲ್ಲಿಯವರೆಗೆ ವಿಜ್ಞಾನ ಗೆದ್ದಿತ್ತು. ಆಮೇಲೆ ನೀರು ಕೇಳಿದರು, ಮತ್ತೆ ನೀರು ಕೇಳಿದರು, ದವಡೆ ಹಿಡಿದು ಕೂತರು. ನಾನೂ ಒಂದು ಚಮಚ ಬಾಯಿಗಿಟ್ಟೆ. ಉಪ್ಪಿನಕಾಯಿ ಜಾಡಿಯೊಳಗೆ ಹಲ್ಲಿನ ಡಾಕ್ಟರು ಬಿದ್ದಂತಿತ್ತು. ಮೇಡಂ ಧ್ವನಿಯಲ್ಲಿ ಏನಾದರೂ ಹೇಳಿ ಜಾರಿಕೊಳ್ಳೋಣವೆಂದರೆ ನಾಲಿಗೆ ಮರಗಟ್ಟಿ, ಹೊರಟದ್ದು ಮಾವನ ಬೆಳಗಿನ ತೊದಲು. ಅಷ್ಟು ಉಪ್ಪು ಯಾಕೆ ಬಿತ್ತೆಂದು ಆಗ ತಿಳಿಯಿತು.

ಆ ತಾಯಿ ಮಾವನಿಗೆ, “ಯಾಕ ಇಷ್ಟು ಒದ್ದಾಟ ಭಾಯ್? ಕಾಯಿ ಐತೆ, ಮಿಕ್ಸಿ ಐತೆ. ಇಲ್ಲೇ ರುಬ್ರಿ” ಎಂದರು.

ಮಾವನ ಕಣ್ಣು ಅಗುಳಿ ಹುಡುಕಿತು. ಹಿತ್ತಲಿಗೆ ಬಾಗಿಲೇ ಇರಲಿಲ್ಲ. ಸುತ್ತ ಹೆಂಗಸರು ನಿಂತಿದ್ದರು, ಪೆಂಡಾಲಿನಲ್ಲಿ ನೆಂಟರು ಕೂತಿದ್ದರು. ಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ ಹಾಕಿ ಮಿಕ್ಸಿಯ ಮುಚ್ಚಳ ಮುಚ್ಚಿದ, ಮತ್ತೆ ತೆಗೆದ. ಕೊನೆಗೆ, “ಒಂದು ಹಿಡಿ ಮಂಡಕ್ಕಿ ಐತೇನ್ರಿ?” ಎಂದು ಪಿಸುಗುಟ್ಟಿದ. ಹಿತ್ತಲಿಗೆಲ್ಲ ಕೇಳಿಸಿತು.

“ಇದಕ್ಕೇನ್ರಿ ಇಷ್ಟು ವರ್ಷ ನನ್ನ ಹೊರಗೆ ನಿಲ್ಲಿಸಿದ್ದು?” ಎಂದಳು ಅತ್ತೆ.

ದೋಸೆ ಹಿಟ್ಟಿನ ಪಾತ್ರೆ ತಳ ಕಂಡಿತು. ವಲೀಮಾ ಔತಣಕ್ಕೂ ನೀವೇ ಬರ್ರಿ ಎಂದ ಸಾಹೇಬರು, ನನ್ನತ್ತ ನೋಡಿ ಈ ನಿಮ್ಮ ಅಳಿಯ ಬರದಿದ್ದರೂ ನಡೆಯುತ್ತದೆ ಎಂದರು. ಅವರ ತಾಯಿಗೆ ಎಷ್ಟೋ ದಿನದಿಂದಿದ್ದ ಹಲ್ಲುನೋವು ನಿಂತಿತ್ತಂತೆ. ಆ ತಾಯಿ ನನ್ನ ಚಟ್ನಿಯನ್ನು ಔಷಧಿಗೆಂದು ಒಂದು ಡಬ್ಬಿ ಎತ್ತಿಟ್ಟುಕೊಂಡರು. ವಾಪಸ್ ಬರುವ ದಾರಿಯುದ್ದಕ್ಕೂ ಅತ್ತೆ ಆ ಮಂಡಕ್ಕಿಯ ಪಿಸುಮಾತನ್ನೇ ಅಣಕಿಸುತ್ತಿದ್ದಳು. ಮಾವನ ಧ್ವನಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ.